ಲೈನ್ ಬಿಡದ ನಮ್ಮತ್ತೆ

ನಮ್ಮತ್ತೆ ಅರವತ್ತೆಂಟು ವರ್ಷಗಳ ಬದುಕಿನಲ್ಲಿ ಮನಸಾರೆ ಪ್ರೀತಿಸಿದ್ದು ಒಂದನ್ನೇ. ಅದು ಲೈನು.

ಅತ್ತೆ ಎಂದ ಕೂಡಲೇ ಹೆಂಡತಿಯ ತಾಯಿ ಎಂದುಕೊಂಡು ನಗಲು ಸಿದ್ಧರಾದವರು ದಯವಿಟ್ಟು ತಡೆಯಿರಿ. ಇವರು ನನ್ನ ತಂದೆಯ ಅಕ್ಕ. ಹೆಂಡತಿಯ ತಾಯಿಯಾಗಿದ್ದರೆ ವರ್ಷಕ್ಕೊಮ್ಮೆ ಬಂದು, ಹದಿನೈದು ದಿನ ಇದ್ದು, ಚಟ್ನಿಪುಡಿ ಮಾಡಿಟ್ಟು ಊರಿಗೆ ಹೋಗುತ್ತಿದ್ದರು. ಇವರು ಹೋಗುವುದಿಲ್ಲ. ನೋಯ್ಡಾದ ನಮ್ಮ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ, ಬಾಲ್ಕನಿ ಇರುವ ಒಳ್ಳೆಯ ಕೋಣೆಯಲ್ಲಿ, ನಿವೃತ್ತರಾದಾಗಿನಿಂದ ಇದ್ದಾರೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ.

ಲೈನನ್ನು ಪ್ರೀತಿಸುವುದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಬೇರೆ ಊರಿನಲ್ಲಾದರೆ ತಪ್ಪಿಲ್ಲ. ದೆಹಲಿಯಲ್ಲಿ ಲೈನನ್ನು ಪ್ರೀತಿಸುವುದೆಂದರೆ ಮರಳುಗಾಡಿನಲ್ಲಿ ಕೂತು ದೋಣಿ ಕಟ್ಟಿದಂತೆ. ಇಲ್ಲಿ ಹತ್ತು ಜನ ಸೇರಿದರೆ ಹತ್ತೂ ಜನ ಮೊದಲನೆಯವರೇ. ಲಿಫ್ಟಿನಲ್ಲಿ, ಟೋಲ್ ಗೇಟಿನಲ್ಲಿ, ಗೋಲ್‌ಗಪ್ಪಾ ಗಾಡಿಯ ಮುಂದೆ, ಕೊನೆಗೆ ಸ್ಮಶಾನದಲ್ಲೂ ನುಗ್ಗುವವರನ್ನು ನಾನು ನೋಡಿದ್ದೇನೆ. ನನಗೂ ಮೈಯೆಲ್ಲ ಉರಿಯುತ್ತದೆ. ಆದರೆ ನಾನು ಉರಿದುಕೊಂಡು ಸುಮ್ಮನಿರುತ್ತೇನೆ, ಅತ್ತೆ ಸುಮ್ಮನಿರುವುದಿಲ್ಲ. ಅವರಿಗೆ ನುಗ್ಗುವವರ ಮೇಲೆ ಕೋಪ, ನನಗೆ ನುಗ್ಗುವವರ ಮೇಲೂ ಅತ್ತೆಯ ಮೇಲೂ ಕೋಪ. ಹೀಗಾಗಿ ನಮ್ಮಿಬ್ಬರಲ್ಲಿ ಹೆಚ್ಚು ಕೋಪಿಷ್ಠ ನಾನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ. ಸೊಸೈಟಿಯ ಗೇಟಿನ ಪಕ್ಕದ ಹಾಲಿನ ಬೂತಿಗೆ ಅತ್ತೆ ಹೊರಟರು. ಮಂಜಿನಲ್ಲಿ ಎಲ್ಲಾದರೂ ಎಡವಿಯಾರೆಂದು ನಾನೂ ಹಿಂದೆ ಹೋದೆ. ಬೂತಿನ ಕಿಟಕಿಯ ಮುಂದೆ ಅತ್ತೆ, ಅವರ ಹಿಂದೆ ನಾನು. ಮತ್ತೆ ಯಾರೂ ಇಲ್ಲ. ಬೂತಿನವನು ಒಳಗೆ ಕ್ರೇಟುಗಳನ್ನು ಜೋಡಿಸುತ್ತಿದ್ದ. ಅಷ್ಟರಲ್ಲಿ ಟ್ರ್ಯಾಕ್‌ಸೂಟಿನ ದಢೂತಿ ಆಸಾಮಿಯೊಬ್ಬ ಕಾರನ್ನು ಚಾಲೂ ಇಟ್ಟೇ ಇಳಿದು ಬಂದು, ಅತ್ತೆಯ ಹೆಗಲ ಮೇಲಿಂದ ಕೈ ಚಾಚಿ, "ಭಯ್ಯಾ, ದೋ ಫುಲ್ ಕ್ರೀಮ್" ಎಂದ.

"ಭಾಯಿಸಾಬ್, ಲೈನ್ ಹೈ," ಎಂದರು ಅತ್ತೆ.

ಅವನು ಮಂಜಿನಲ್ಲಿ ಆ ಕಡೆ ಈ ಕಡೆ ನೋಡಿದ. "ಕಹಾಂ ಹೈ ಲೈನ್, ಆಂಟೀಜೀ? ದೋ ಹೀ ತೋ ಲೋಗ್ ಹೈಂ." ಎಲ್ಲಿದೆ ಲೈನು, ಇರುವುದೇ ಇಬ್ಬರು ತಾನೇ ಎಂದು.

ಅತ್ತೆ ನನ್ನತ್ತ ತಿರುಗಿ ಕನ್ನಡದಲ್ಲಿ, "ನೋಡೋ, ಎಣಿಸೋಕೆ ಬರುತ್ತೆ ಇವನಿಗೆ. ಆದ್ರೂ ಹೀಗೆ," ಎಂದರು. ಆಮೇಲೆ ತಮ್ಮ ಸರ್ಕಾರಿ ಹಿಂದಿಯಲ್ಲಿ ಅವನಿಗೆ ಪಾಠ ಶುರು ಮಾಡಿದರು. ಇಬ್ಬರು ನಿಂತರೆ ಅದು ಲೈನು. ಒಬ್ಬರೇ ನಿಂತರೂ ಅದು ಲೈನೇ, ಅದರ ಶುರು. ಆದ್ದರಿಂದ ತಾವು ಈ ನನ್ನ ತಮ್ಮನ ಮಗನ ಹಿಂದೆ ನಿಲ್ಲತಕ್ಕದ್ದು.

"ಅರೇ ಆಂಟೀಜೀ, ದೂಧ್ ಹೀ ತೋ ಹೈ," ಎಂದು ನಕ್ಕ ಅವನು. ಬರೀ ಹಾಲು ತಾನೇ, ಅದಕ್ಕೇಕೆ ಇಷ್ಟು ರಾದ್ಧಾಂತ ಎಂಬಂತೆ.

"ಹಾಲಿಗೇ ನಿಲ್ಲದವನು ಇನ್ನು ಯಾತಕ್ಕೆ ನಿಲ್ತಾನೆ?" ಇದನ್ನೂ ನನಗೇ ಹೇಳಿದ್ದು, ನಾನೇ ಅವನಿಗೆ ಹಿಂದಿಗೆ ತಿರುಗಿಸಿ ಹೇಳಬೇಕು ಎಂಬಂತೆ ನೋಡುತ್ತ. ನಾನು ತಿರುಗಿಸಲಿಲ್ಲ. ಅವನು ನಿಂತ. ದೇವರಾಣೆ, ಕಾರು ಹೊಗೆ ಉಗುಳುತ್ತಿರಲು, ಆ ದಢೂತಿ ಆಸಾಮಿ ನನ್ನ ಹಿಂದೆ ನಿಂತ. ಅತ್ತೆ ಮೊಸರಿನ ಪೊಟ್ಟಣಗಳ ಮೇಲಿನ ತಾರೀಖುಗಳನ್ನು ಒಂದೊಂದಾಗಿ ಓದಿ, ನಾಲ್ಕನೆಯದನ್ನು ಆರಿಸಿಕೊಂಡರು.

ಆ ಮನುಷ್ಯ ನಮ್ಮ ಸೊಸೈಟಿಯ ಹೊಸ ಅಧ್ಯಕ್ಷ ಎಂದು ತಿಳಿದದ್ದು ಮುಂದಿನ ಭಾನುವಾರದ ಸಭೆಯಲ್ಲಿ. ನಮ್ಮ ಬಚ್ಚಲುಮನೆಯ ಸೋರಿಕೆಯ ದೂರು ಅಂದಿನಿಂದ ಇಂದಿನವರೆಗೆ ಲೈನಿನ ಕೊನೆಯಲ್ಲಿದೆ.

ಸಾಲು, ಸರದಿ, ಪಾಳಿ ಎಂಬ ಒಳ್ಳೆಯ ಮಾತುಗಳು ನಮ್ಮಲ್ಲೇ ಇರುವಾಗ ಈ ಇಂಗ್ಲಿಷ್ ಲೈನು ಯಾಕೆ ಎಂದು ಒಮ್ಮೆ ಅತ್ತೆಯನ್ನು ಕೇಳಿದ್ದೆ.

"ಸಾಲು ಅಂದ್ರೆ ಮರ ನೆಡೋದಕ್ಕೆ ಕಣೋ. ಮರಗಳು ನುಗ್ಗಲ್ಲ. ಮನುಷ್ಯರಿಗೆ ಲೈನೇ ಬೇಕು."

ತೊಂದರೆ ಏನೆಂದರೆ, ಈ ಪದಕ್ಕೆ ಊರಿನವರೆಲ್ಲ ತಲೆಗೊಂದು ಅರ್ಥ ಕೊಟ್ಟುಕೊಂಡಿದ್ದಾರೆ. ನೀರು ಬರುವುದು ಲೈನಿನಲ್ಲಿ, ಗ್ಯಾಸು ಬರುವುದು ಲೈನಿನಲ್ಲಿ, ಕರೆಂಟು ಹೋದರೆ ಬರುವವನು ಲೈನ್‌ಮ್ಯಾನು, ಬಾರದೆ ಇರುವವನೂ ಅವನೇ. ಮಾನೇಸರದ ಬಿಡಿಭಾಗಗಳ ಕಾರ್ಖಾನೆಯಲ್ಲಿರುವ ನನ್ನ ಸ್ನೇಹಿತ "ಇವತ್ತು ಲೈನ್ ನಿಂತುಹೋಯ್ತು" ಎಂದರೆ ತಯಾರಿಕೆ ನಿಂತು ಆ ದಿನ ಅವನಿಗೆ ಮೇಲಿನವರಿಂದ ಬೈಗುಳ ಎಂದರ್ಥ. ಮದುವೆ ಮನೆಯಲ್ಲಿ "ನೀವು ಯಾವ ಲೈನು?" ಎಂದು ಕೇಳಿದರೆ ಉದ್ಯೋಗ ಹೇಳಬೇಕು, ಮೆಟ್ರೋದಲ್ಲಿ ಕೇಳಿದರೆ ಬಣ್ಣ ಹೇಳಬೇಕು. ಇಷ್ಟೆಲ್ಲ ಅರ್ಥಗಳ ನಡುವೆ ಅತ್ತೆಯ ಪಾಲಿಗೆ ಲೈನೆಂದರೆ ಒಂದೇ. ಮೊದಲು ಬಂದವರು ಮೊದಲು. ಮಿಕ್ಕ ಅರ್ಥಗಳೆಲ್ಲ ಆಮೇಲೆ ಬಂದು ಮುಂದೆ ನುಗ್ಗಿದವು ಎಂದೇ ಅವರ ಭಾವನೆ.

ಈ ಹುಚ್ಚು ಅವರಿಗೆ ಎಲ್ಲಿಂದ ಅಂಟಿತು? ಚಿತ್ರದುರ್ಗದಿಂದ ಇಪ್ಪತ್ತೆರಡನೆಯ ವಯಸ್ಸಿಗೆ, ಕೇಂದ್ರ ಸರ್ಕಾರದ ಗುಮಾಸ್ತೆಯ ಕೆಲಸ ಸಿಕ್ಕಿ, ಒಂದು ಟ್ರಂಕು ಹಿಡಿದು ದೆಹಲಿಗೆ ಬಂದವರು ಅವರು. ಮೊದಲ ವಾರ ದಿನವೂ ಬಸ್ ಸ್ಟಾಪಿನಲ್ಲಿ ಲೈನಿನಲ್ಲಿ ನಿಂತರಂತೆ. ಬಸ್ಸು ಸ್ಟಾಪನ್ನು ದಾಟಿ ಎಲ್ಲೋ ಮುಂದೆ ನಿಲ್ಲುತ್ತಿತ್ತು, ಜನ ಓಡಿ ಹತ್ತುತ್ತಿದ್ದರು, ಅತ್ತೆ ಮಾತ್ರ ಕಂಬದ ಪಕ್ಕದಲ್ಲಿ ಮೊದಲನೆಯವರಾಗಿ ನಿಂತೇ ಇರುತ್ತಿದ್ದರು. ದಿನವೂ ತಡ. ಶನಿವಾರ ಮೇಲಧಿಕಾರಿ ಕರೆದು ಕಾರಣ ಕೇಳಿದಾಗ, "ನಾನು ಲೈನಿನಲ್ಲೇ ಇದ್ದೆ ಸರ್, ಬಸ್ಸೇ ಲೈನಿಗೆ ಬರಲಿಲ್ಲ," ಎಂದು ಇಂಗ್ಲಿಷಿನಲ್ಲಿ ಉತ್ತರಿಸಿದರಂತೆ. ಅದನ್ನು ಬರೆದು ಕೊಡು ಎಂದರಂತೆ ಆ ಅಧಿಕಾರಿ. ಅತ್ತೆ ಬರೆದೂ ಕೊಟ್ಟರಂತೆ.

ಮುಂದೆ ಹಲವು ವರ್ಷ ಕಳೆದ ಮೇಲೆ ಅವರನ್ನು ಹಾಕಿದ್ದು ನೌಕರರಿಗೆ ಸರ್ಕಾರಿ ಮನೆ ಹಂಚುವ ಒಂದು ಕಚೇರಿಗೆ. ಹೆಸರು ಬೇಡ. ಯಾರಿಗೆ ಯಾವಾಗ ಮನೆ ಎಂಬುದಕ್ಕೆ ಅಲ್ಲಿ ಒಂದು ಪಟ್ಟಿ ಇರುತ್ತದೆ. ಅದೂ ಲೈನೇ, ಕಾಗದದ ಮೇಲಿನ ಲೈನು. ಜನ ಆ ಲೈನಿನಲ್ಲಿ ವರ್ಷಗಟ್ಟಲೆ ನಿಂತು, ಬಾಡಿಗೆಯ ಒಂದೇ ಕೋಣೆಯಲ್ಲಿ ಮಕ್ಕಳನ್ನು ಬೆಳೆಸಿ, ಕೆಲವರು ಮನೆ ಸಿಗುವ ಹೊತ್ತಿಗೆ ನಿವೃತ್ತರಾಗಿ ಹೋಗುತ್ತಿದ್ದರು. ಅತ್ತೆ ಸ್ವತಃ ಅದೇ ಪಟ್ಟಿಯಲ್ಲಿದ್ದರು. ಒಂದು ದಿನ ಒಂದು ಫೈಲು ಬಂತು. ದೊಡ್ಡವರ ಕಡೆಯ ಒಬ್ಬನಿಗೆ ಸರದಿ ಬಿಟ್ಟು ಮನೆ ಕೊಡಬೇಕು, ಅದಕ್ಕೆ ಅನುಕೂಲವಾಗಿ ಅತ್ತೆ ಟಿಪ್ಪಣಿ ಬರೆಯಬೇಕು. ಅತ್ತೆ ಬರೆದರು. ಈ ಮನುಷ್ಯನ ಮುಂದೆ ಯಾರು ಯಾರು ಇದ್ದಾರೆ ಎಂದು ಅಷ್ಟೂ ಜನರ ಹೆಸರನ್ನು, ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಎಂಬ ಸಮೇತ, ಒಂಬತ್ತು ಪುಟ ಬರೆದರು.

ಅಧಿಕಾರಿ ಬಾಗಿಲು ಹಾಕಿಸಿ, "ಮೇಡಂ, ಸ್ವಲ್ಪ ಲೈನಿಗೆ ಬನ್ನಿ," ಎಂದರಂತೆ. ನಾವು ಹೇಳಿದಂತೆ ಕೇಳಿ ಎಂದು ಅದರ ಅರ್ಥ. ಇವರು ಕೈಕಟ್ಟಿ ನಿಂತು, "ಸರ್, ನಾನು ಇರೋದೇ ಲೈನಿನಲ್ಲಿ. ಎಂಬತ್ತಮೂರನೆಯವಳು. ನೀವು ಹೇಳ್ತಿರೋರು ಇನ್ನೂರ ಹನ್ನೆರಡನೆಯವರು," ಎಂದರಂತೆ.

ಎರಡೇ ವಾರದಲ್ಲಿ ಅವರನ್ನು ನೆಲಮಾಳಿಗೆಯ ಹಳೆಯ ಕಡತಗಳ ಕೋಣೆಗೆ ವರ್ಗ ಮಾಡಿದರು. ಅಲ್ಲಿ ಕಿಟಕಿ ಇರಲಿಲ್ಲ. ಆರು ವರ್ಷ ಆ ಕೋಣೆಯಲ್ಲಿ ದೂಳು ಕುಡಿದು ಇವತ್ತಿಗೂ ಚಳಿಗಾಲದಲ್ಲಿ ಕೆಮ್ಮುತ್ತಾರೆ. ಆ ಮನುಷ್ಯನಿಗೆ ಮನೆ ಸಿಕ್ಕಿತು. ಅದನ್ನು ನೆನೆದರೆ ನನಗೆ ಈಗಲೂ ಹಲ್ಲು ಕಚ್ಚುವಂತಾಗುತ್ತದೆ. "ನೀವು ಒಂದು ಸಹಿ ಹಾಕಿ ಸುಮ್ಮನಿರಬಹುದಿತ್ತು, ಹೇಗೂ ಅವನಿಗೆ ಮನೆ ಸಿಕ್ಕೇ ಸಿಕ್ತಲ್ಲ," ಎಂದು ಒಮ್ಮೆ ಸಿಟ್ಟಿನಲ್ಲಿ ಅಂದೆ. ಅತ್ತೆ ಅವರೆಕಾಳು ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಸಿಕ್ತು. ಆದ್ರೆ ನಾನು ಕೊಡಲಿಲ್ಲ," ಎಂದರು.

ಇಂಥವರ ಕೈಗೆ ಟೆಲಿಫೋನ್ ಕೊಟ್ಟರೆ ಏನಾಗುತ್ತದೆ ನೋಡಿ. ಮನೆಯ ಇಂಟರ್ನೆಟ್ ಕೈಕೊಟ್ಟಿತ್ತು. ನಾನು ಆಫೀಸಿನಲ್ಲಿದ್ದೆ. ದೂರು ಕೊಡುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಆ ಕಡೆಯಿಂದ ಧ್ವನಿಮುದ್ರಿತ ಹೆಣ್ಣುದನಿ, ದಯವಿಟ್ಟು ಲೈನಿನಲ್ಲೇ ಇರಿ, ನೀವು ಲೈನಿನಲ್ಲಿ ಹದಿನಾಲ್ಕನೆಯವರು, ಎಂದಿತು. ಅತ್ತೆಯ ಮುಖ ಅರಳಿತಂತೆ. ದೆಹಲಿಗೆ ಬಂದು ನಲವತ್ತಾರು ವರ್ಷಕ್ಕೆ ಮೊದಲ ಬಾರಿಗೆ ಯಾರೋ ಅವರಿಗೆ ಇಂತಿಷ್ಟನೆಯವರು ಎಂದು ತಾವಾಗಿಯೇ ಹೇಳಿದ್ದರು.

ನನ್ನ ಹೆಂಡತಿ, ಸ್ಪೀಕರ್ ಹಾಕಿ ಪಕ್ಕಕ್ಕಿಡಿ ಅತ್ತೆ, ಊಟ ಮಾಡಿ, ಎಂದಳು. ಒಪ್ಪಲಿಲ್ಲ. ಲೈನು ಬಿಟ್ಟು ಹೋದರೆ ಹಿಂದಿನವರು ಮುಂದೆ ಬರುವುದಿಲ್ಲವೆ? ಎಡಗೈಯಲ್ಲಿ ಫೋನು ಹಿಡಿದು ಬಲಗೈಯಲ್ಲಿ ಹುಳಿಯನ್ನ ಉಂಡರು. ಒಂಬತ್ತಕ್ಕೆ ಬಂತು, ಏಳಕ್ಕೆ ಬಂತು ಎಂದು ನಡುನಡುವೆ ವರದಿ. ಎರಡನೆಯವರು ಎಂದಾಗ ಎದ್ದು ನಿಂತು ಸೆರಗು ಸರಿಮಾಡಿಕೊಂಡರಂತೆ. ಅಷ್ಟರಲ್ಲಿ ಫೋನು ಕಟ್ಟಾಯಿತು. ನಾನಾಗಿದ್ದರೆ ಫೋನನ್ನು ಹನ್ನೊಂದನೆಯ ಮಹಡಿಯಿಂದ ಎಸೆಯುತ್ತಿದ್ದೆ. ಅತ್ತೆ ಮತ್ತೆ ಮಾಡಿದರು. ಈಗ ಹತ್ತೊಂಬತ್ತನೆಯವರು.

ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಆ ಕಡೆಯಿಂದ ನಿಜವಾದ ಹುಡುಗಿಯೊಬ್ಬಳು ಸಿಕ್ಕಿದ್ದಳು. ಅತ್ತೆ ಪ್ರೀತಿಯಿಂದ ಹೇಳುತ್ತಿದ್ದರು. "ಬೇಟಿ, ಆಪ್ ಕೇ ಯಹಾಂ ಲೈನ್ ಬಹುತ್ ಅಚ್ಛೀ ಹೈ. ಕೋಯೀ ಘುಸತಾ ನಹೀಂ." ನಿಮ್ಮಲ್ಲಿ ಲೈನು ಬಹಳ ಚೆನ್ನಾಗಿದೆ, ಯಾರೂ ನುಗ್ಗುವುದಿಲ್ಲ. ಆ ಹುಡುಗಿಗೆ ಜೀವಮಾನದಲ್ಲಿ ಯಾರೂ ಇಂಥ ಮೆಚ್ಚುಗೆ ಹೇಳಿರಲಾರರು. ಥ್ಯಾಂಕ್ಯೂ ಮ್ಯಾಮ್ ಎಂದು ಇಟ್ಟುಬಿಟ್ಟಳು. ಇಂಟರ್ನೆಟ್ ವಿಷಯ ಅತ್ತೆ ಹೇಳಿಯೇ ಇರಲಿಲ್ಲ.

ಇನ್ನು ನನ್ನ ಮಗಳು ಅನು. ಹನ್ನೊಂದು ವರ್ಷ. ಇಲ್ಲೇ ಹುಟ್ಟಿ ಬೆಳೆದವಳಾದ್ದರಿಂದ ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ತಿರುಗಿಕೊಳ್ಳುತ್ತದೆ. ಅತ್ತೆಯನ್ನು ಅಜ್ಜಿ ಎನ್ನುತ್ತಾಳೆ. ಒಂದು ಸಂಜೆ ಆಟ ಮುಗಿಸಿ ಬಂದವಳು, "ಅಜ್ಜಿ, ಆರನೇ ಫ್ಲೋರ್ ಭಯ್ಯಾ ಇಲ್ವಾ, ಅವನು ರೋಜ್ ಲಿಫ್ಟ್ ಹತ್ರ ಮೇಲ್ಗಡೆ ದೀದೀಗೆ ಲೈನ್ ಮಾರ್ತಾನೆ," ಎಂದಳು.

ಲೈನ್ ಹೊಡೆಯುವುದು ಎಂದರೆ ಏನೆಂದು ಕನ್ನಡ ನಾಡಿನ ಸಮಸ್ತರಿಗೂ ಗೊತ್ತು, ಅತ್ತೆಯೊಬ್ಬರಿಗೆ ಗೊತ್ತಿಲ್ಲ. ಲಿಫ್ಟಿನ ಲೈನನ್ನು ಯಾರೋ ದಿನವೂ ಮುರಿಯುತ್ತಿದ್ದಾರೆ ಎಂದು ತಿಳಿದು, ಚಪ್ಪಲಿ ಮೆಟ್ಟಿ ಇಳಿದೇಬಿಟ್ಟರು. ಅಲ್ಲಿ ಆರನೆಯ ಮಹಡಿಯ ತರುಣ ಕೂದಲು ಬಾಚಿಕೊಂಡು ಸಿದ್ಧವಾಗಿ ನಿಂತಿದ್ದ.

"ರೋಜ್ ಲೈನ್ ಮಾರತೇ ಹೋ? ಶರಮ್ ನಹೀಂ ಆತೀ?" ನಾಚಿಕೆಯಾಗುವುದಿಲ್ಲವೆ, ಎಂದರು ಅತ್ತೆ.

ಹುಡುಗ ಬಿಳಿಚಿಕೊಂಡ. ಹುಡುಗಿಯ ಕಡೆಯ ಅಜ್ಜಿ ಇರಬೇಕೆಂದುಕೊಂಡು, ಸಾರಿ ಆಂಟೀಜೀ, ಎಂದ.

"ತುಮ್ಹಾರೇ ಆಗೇ ಬಹುತ್ ಲೋಗ್ ಹೈಂ," ನಿನಗಿಂತ ಮುಂದೆ ತುಂಬ ಜನ ಇದ್ದಾರೆ, ಎಂದರು ಅತ್ತೆ.

ಅವನ ಮುಖದಲ್ಲಿ ಉಳಿದಿದ್ದ ಬಣ್ಣವೂ ಹೋಯಿತು. "ಕಿತನೇ ಲೋಗ್, ಆಂಟೀಜೀ?"

"ಕಮ್ ಸೇ ಕಮ್ ಆಠ್ ದಸ್. ಅಪನೀ ಬಾರೀ ಕಾ ಇಂತಜಾರ್ ಕರೋ." ಎಂಟು ಹತ್ತು ಜನರಾದರೂ ಇದ್ದಾರೆ, ನಿನ್ನ ಸರದಿಗೆ ಕಾಯಿ.

ಆ ತರುಣ ಅಂದಿನಿಂದ ಆರು ಮಹಡಿಯನ್ನೂ ಮೆಟ್ಟಿಲಿನಲ್ಲೇ ಹತ್ತುತ್ತಾನೆ. ಸ್ವಲ್ಪ ತೆಳ್ಳಗಾಗಿದ್ದಾನೆ ಕೂಡ.

ಮೆಟ್ರೋದಲ್ಲಿ ಆದದ್ದನ್ನು ಹೇಳದಿದ್ದರೆ ನನ್ನ ಸಿಟ್ಟು ಪೂರ್ತಿಯಾಗುವುದಿಲ್ಲ. ಹೌಜ್ ಖಾಸ್‌ನಲ್ಲಿ ಓದುತ್ತಿದ್ದ ನಮ್ಮ ಕಡೆಯ ಹುಡುಗಿಯೊಬ್ಬಳನ್ನು ನೋಡಿಕೊಂಡು ವಾಪಸು ಬರುತ್ತಿದ್ದೆವು. ಹಳದಿ ಲೈನಿನಿಂದ ಇಳಿದು ನೀಲಿ ಲೈನಿಗೆ ಬದಲಾಯಿಸಬೇಕು. ಸಂಜೆಯ ಹೊತ್ತು, ಪ್ಲಾಟ್‌ಫಾರ್ಮಿನ ಮೇಲೆ ಕಾಲಿಡಲು ಜಾಗವಿಲ್ಲ. ನೆಲದ ಮೇಲೆ ಬಾಣದ ಗುರುತು ಹಾಕಿ, ಇಳಿಯುವವರಿಗೆ ನಡುವೆ ದಾರಿ ಬಿಡಿ, ಹತ್ತುವವರು ಬದಿಯಲ್ಲಿ ನಿಲ್ಲಿ, ಎಂದು ಬರೆದಿದ್ದಾರೆ. ಅದನ್ನು ಓದಿದವರು ಅತ್ತೆ ಮಾತ್ರ. ರೈಲು ಬಂತು, ಬಾಗಿಲು ತೆರೆಯಿತು. ಅತ್ತೆ ಎರಡೂ ಕೈ ಅಗಲಿಸಿ, "ಪೆಹಲೇ ಉತರನೇ ದೋ," ಮೊದಲು ಇಳಿಯುವವರಿಗೆ ಬಿಡಿ, ಎಂದು ಜನಪ್ರವಾಹಕ್ಕೆ ಅಡ್ಡ ನಿಂತರು. ಪ್ರವಾಹ ನನ್ನನ್ನು ಎತ್ತಿ ಒಳಗೆ ಹಾಕಿತು. ಬಾಗಿಲು ಮುಚ್ಚಿತು. ಗಾಜಿನ ಆಚೆ ಅತ್ತೆ ಹಾಗೆಯೇ ಕೈ ಅಗಲಿಸಿ ನಿಂತಿದ್ದರು. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು, ಅರ್ಧ ಗಂಟೆ ಪರದಾಡಿ ವಾಪಸು ಬಂದೆ. ಬಾಯಿಗೆ ಬಂದದ್ದನ್ನೆಲ್ಲ ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವರು ಅದೇ ಬಾಣದ ಗುರುತಿನ ಮೇಲೆ ಮೊದಲನೆಯವರಾಗಿ ನಿಂತಿದ್ದರು. ನನ್ನನ್ನು ನೋಡಿ, "ಎಲ್ಲಿಗೆ ಹೋಗಿದ್ಯೋ? ನಾನು ಇಲ್ಲೇ ಲೈನಲ್ಲಿದ್ದೆ," ಎಂದರು. ನನಗೇ ಬೈಗುಳ.

ಹೀಗೆ ನಗುತ್ತ, ಬೈಯುತ್ತ, ಬೈಸಿಕೊಳ್ಳುತ್ತ ನಡೆಯುತ್ತಿತ್ತು. ಹೋದ ಸೆಪ್ಟೆಂಬರಿನಲ್ಲಿ ಅನುವಿಗೆ ಜ್ವರ ಬಂತು.

ಊರೆಲ್ಲ ಡೆಂಗಿ ಹರಡಿದ್ದ ಕಾಲ. ಮೂರನೆಯ ದಿನ ಮೈ ಕೆಂಡವಾಗಿತ್ತು, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಹತ್ತಿರದ ಎರಡು ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆ ಇಲ್ಲ ಎಂದರು. ಬೆಳಗಾಗುತ್ತಲೇ ಯಮುನೆ ದಾಟಿ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದೆವು, ನಾನು, ಹೆಂಡತಿ, ಮಗು, ಅತ್ತೆ. ತುರ್ತು ವಿಭಾಗದಲ್ಲಿ ನರ್ಸ್ ಒಬ್ಬರು ಅನುವಿನ ಮೈ ಮುಟ್ಟಿ, ಕಣ್ಣು ನೋಡಿ, ಜ್ವರದ ಕೌಂಟರಿಗೆ ಹೋಗಿ ಎಂದು ಕೈ ತೋರಿಸಿದರು. ಅವರ ಹಿಂದೆ ಒಂದೊಂದು ಸ್ಟ್ರೆಚರಿನ ಮೇಲೆ ಇಬ್ಬಿಬ್ಬರು ಮಲಗಿದ್ದರು, ವಾದ ಮಾಡಲು ಬಾಯಿ ಬರಲಿಲ್ಲ. ಜ್ವರದ ಕೌಂಟರಿನ ಲೈನು ಬಾಗಿಲಿನಿಂದ ಶುರುವಾಗಿ, ಕಾರಿಡಾರು ದಾಟಿ, ಅಂಗಳದ ಬೇವಿನ ಮರದವರೆಗೆ ಬಂದಿತ್ತು. ನಮ್ಮ ಮುಂದೆ ಕಡಿಮೆಯೆಂದರೂ ನಲವತ್ತು ಜನ. ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮರದ ಕಟ್ಟೆಯ ಮೇಲೆ ಕೂತಳು. ನಾನೂ ಅತ್ತೆಯೂ ಲೈನಿನಲ್ಲಿ ನಿಂತೆವು.

ಒಂದು ಗಂಟೆಯಲ್ಲಿ ನಾಲ್ಕು ಹೆಜ್ಜೆ ಸರಿದೆವು. ಅನು ಮತ್ತೆ ವಾಂತಿ ಮಾಡಿದಳು. ನನ್ನ ಸಹೋದ್ಯೋಗಿಯೊಬ್ಬನಿಗೆ ಆಸ್ಪತ್ರೆಯ ಒಳಗೆ ಯಾರೋ ಪರಿಚಯವಿದ್ದರು. ಹಿಂದಿನ ಗೇಟಿಗೆ ಬಂದರೆ ನೇರವಾಗಿ ಡಾಕ್ಟರ ಹತ್ತಿರ ಬಿಡಿಸುತ್ತಾರೆ ಎಂದು ಫೋನು ಬಂತು.

"ನಾನು ಅನೂನ ಹಿಂದಿನ ಗೇಟಿಂದ ಕರ್ಕೊಂಡು ಹೋಗ್ತೀನಿ," ಎಂದೆ.

ಅತ್ತೆ ನನ್ನ ಮುಖ ನೋಡದೆ, "ಇಲ್ಲಿರೋದೂ ಮಕ್ಕಳೇ ಕಣೋ," ಎಂದರು.

ನಾನು ಮಗುವನ್ನು ಎತ್ತಿಕೊಂಡು ನಡೆದೆ. ಹಿಂದಿನ ಗೇಟಿಗೆ ಬೀಗ ಹಾಕಿತ್ತು. ಆ ಪರಿಚಯದವರು ಫೋನು ಎತ್ತಲಿಲ್ಲ. ಹೆಗಲ ಮೇಲಿನ ಮಗು, "ಪಪ್ಪಾ, ಘರ್ ಚಲೋ," ಮನೆಗೆ ಹೋಗೋಣ, ಎಂದು ಗೊಣಗುತ್ತಿತ್ತು. ನನಗೆ ಆಮೇಲೆ ಏನೂ ಕಾಣಲಿಲ್ಲ. ಸುತ್ತು ಹಾಕಿಕೊಂಡು ಬಂದು, ಅಷ್ಟೂ ಜನರನ್ನು ದಾಟಿ, ಬಾಗಿಲಿನತ್ತ ನುಗ್ಗಿದೆ. ಒಬ್ಬ ನನ್ನ ಅಂಗಿ ಹಿಡಿದು ಎಳೆದ. "ಲೈನ್ ಮೇ ಆಓ." ನಾನು ಅವನನ್ನು ತಳ್ಳಿದೆ. ಅವನು ಗೋಡೆಗೆ ತಗುಲಿ ಸಾವರಿಸಿಕೊಂಡಾಗಲೇ ನೋಡಿದ್ದು, ಅವನ ಹೆಗಲ ಮೇಲೂ ಒಂದು ಮಗುವಿತ್ತು.

ಗಲಾಟೆ ಶುರುವಾಯಿತು. ಅತ್ತೆ ಎಲ್ಲಿದ್ದರೋ, ಓಡಿಬಂದು ನನ್ನ ಮತ್ತು ಅವನ ನಡುವೆ ನಿಂತರು. "ಹಿಂದೆ ಬಾ. ಮೊದಲು ಹಿಂದೆ ಬಾ," ಎಂದು ನನ್ನ ತೋಳು ಹಿಡಿದರು.

ನಾನು ಕೈ ಕೊಡವಿದೆ. "ಈ ಲೈನೇ ನಿಮಗೆ ಗಂಡ, ಲೈನೇ ಮಕ್ಕಳು. ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮಗೆ," ಎಂದು ಕೂಗಿದೆ. ಕೂಗಿದ್ದು ಕನ್ನಡದಲ್ಲಿ. ಅಷ್ಟು ಜನರಲ್ಲಿ ಅದು ಅರ್ಥವಾಗುವುದು ಅವರೊಬ್ಬರಿಗೆ, ಮತ್ತು ಕಟ್ಟೆಯ ಮೇಲಿಂದ ಎದ್ದು ಬಂದಿದ್ದ ನನ್ನ ಹೆಂಡತಿಗೆ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು.

ನನ್ನನ್ನು ಕರೆದುಕೊಂಡು ಹೋಗಿ ನಮ್ಮ ಹಳೆಯ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ನಮ್ಮ ಮುಂದಿದ್ದ ಮನುಷ್ಯನ ಎದುರು ಹೋಗಿ ಎರಡೂ ಕೈ ಜೋಡಿಸಿದರು. "ಬಚ್ಚೀ ಬಹುತ್ ಬೀಮಾರ್ ಹೈ. ಆಪ್ ಕಹೇಂ ತೋ ಹಮ್ ಆಗೇ ಜಾಯೇಂ?" ನೀವು ಒಪ್ಪಿದರೆ ಮುಂದೆ ಹೋಗುತ್ತೇವೆ. ಆ ಮನುಷ್ಯ ಅನುವನ್ನು ನೋಡಿ ಪಕ್ಕಕ್ಕೆ ಸರಿದ. ಅತ್ತೆ ಅವನ ಮುಂದಿದ್ದವರ ಹತ್ತಿರ ಹೋದರು. ಮತ್ತೆ ಕೈ ಜೋಡಿಸಿದರು. ಅದೇ ಮಾತು. ಅವರ ಮುಂದಿದ್ದವರು. ಅದೇ ಮಾತು. ಯಾರನ್ನೂ ಬಿಡಲಿಲ್ಲ, ಇಬ್ಬರನ್ನು ಸೇರಿಸಿ ಒಟ್ಟಿಗೆ ಕೇಳಲೂ ಇಲ್ಲ. ಕಾರ್ಖಾನೆಯ ಸಮವಸ್ತ್ರದಲ್ಲಿ ತಮ್ಮನನ್ನು ಹಿಡಿದು ನಿಂತಿದ್ದವನು, ಬುರ್ಖಾ ತೊಟ್ಟ ಹೆಂಗಸು, ಕಾಲೇಜು ಹುಡುಗ, ಗೋಡೆಗೆ ಒರಗಿದ ಮುದುಕಿ, ಒಬ್ಬೊಬ್ಬರಿಗೂ ಹೊಸದಾಗಿ ಕೈ ಜೋಡಿಸಿ ಕೇಳಿದರು. ಮೇಲಧಿಕಾರಿಯ ಮುಂದೆ ಬಗ್ಗದ, ದೇವರ ಮುಂದೆಯೂ ಒಂದೇ ಕೈಯಲ್ಲಿ ನಮಸ್ಕಾರ ಮುಗಿಸುವ ಹೆಂಗಸು. ಅವರು ಒಂದೊಂದು ಹೆಜ್ಜೆ ಮುಂದೆ ಹೋದಂತೆ ನಾನು ಮಗುವನ್ನು ಎತ್ತಿಕೊಂಡು, ತಲೆ ತಗ್ಗಿಸಿ, ಅವರ ಹಿಂದೆ ಹೋದೆ.

ನನ್ನ ಅಂಗಿ ಹಿಡಿದವನ ಸರದಿ ಬಂತು. ಅವನು ನನ್ನನ್ನು ನೋಡಿದ, ಅತ್ತೆಯ ಕೈಗಳನ್ನು ನೋಡಿದ. "ಜಾಇಯೇ ಮಾತಾಜೀ," ಎಂದು ತನ್ನ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ದಾರಿ ಬಿಟ್ಟ.

ಬಾಗಿಲಿಗೆ ಇನ್ನು ಇಬ್ಬರೇ. ಎಳೆಗೂಸನ್ನು ಎದೆಗವಚಿಕೊಂಡಿದ್ದ ಚಿಕ್ಕ ವಯಸ್ಸಿನ ಹೆಂಗಸು ಆಗದೆಂದು ತಲೆಯಾಡಿಸಿದಳು. "ಮೇರಾ ಭೀ ಬೀಮಾರ್ ಹೈ, ಅಮ್ಮಾ." ನನ್ನದಕ್ಕೂ ಹುಷಾರಿಲ್ಲ. "ಠೀಕ್ ಹೈ ಬೇಟಿ," ಎಂದು ಅತ್ತೆ ಅವಳ ಕೂಸಿನ ತಲೆ ಸವರಿ, "ಇಲ್ಲೇ ನಿಲ್ಲು," ಎಂದು ನನ್ನನ್ನು ಅವಳ ಹಿಂದೆ ನಿಲ್ಲಿಸಿದರು. ಹತ್ತು ನಿಮಿಷದಲ್ಲಿ ನಾವು ಒಳಗಿದ್ದೆವು.

ಡಾಕ್ಟರು ಯುವತಿ, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ರಕ್ತ ತೆಗೆಸಿದರು, ಕೂಡಲೇ ಡ್ರಿಪ್ ಹಾಕಿಸಿದರು. ಡೆಂಗಿ ಹೌದು, ಮೈಯಲ್ಲಿ ನೀರು ತೀರ ಕಡಿಮೆಯಾಗಿದೆ, ಇನ್ನೂ ತಡವಾಗಿದ್ದರೆ ತೊಂದರೆಯಾಗುತ್ತಿತ್ತು, ಈಗ ಭಯವಿಲ್ಲ, ಎಂದರು. ಇನ್ನೊಂದು ಮಗುವಿನ ಜೊತೆಗೆ ಅರ್ಧ ಹಾಸಿಗೆ ಸಿಕ್ಕಿತು. ನಾಲ್ಕು ದಿನದಲ್ಲಿ ಅನು ಮನೆಗೆ ಬಂದಳು.

ಆದರೆ ಅದು ಆಮೇಲಿನ ಮಾತು. ಅವತ್ತು ಮಧ್ಯಾಹ್ನ, ಅನು ಕಣ್ಣು ಬಿಟ್ಟು ಎರಡು ಗುಟುಕು ನೀರು ಕುಡಿದ ಮೇಲೆ, ನನಗೆ ಅತ್ತೆಯ ನೆನಪಾಯಿತು. ಅವರು ನಮ್ಮ ಜೊತೆ ಒಳಗೆ ಬಂದೇ ಇರಲಿಲ್ಲ. ಕಾರಿಡಾರಿನಲ್ಲಿ ಹುಡುಕಿದೆ, ಕಟ್ಟೆಯ ಮೇಲೆ ಹುಡುಕಿದೆ. ಅವರು ಲೈನಿನಲ್ಲಿ, ಎಲ್ಲರಿಗಿಂತ ಕೊನೆಯಲ್ಲಿ, ಬಿಸಿಲಿನಲ್ಲಿ ನಿಂತಿದ್ದರು. ಬೆಳಿಗ್ಗೆ ಗೋಡೆಗೆ ಒರಗಿದ್ದ ಆ ಮುದುಕಿಯನ್ನು ಒಳಗೆ ಕಳಿಸಿ, ಅವಳ ಚೀಲವನ್ನು ತಾವು ಹಿಡಿದುಕೊಂಡಿದ್ದರು.

"ಯಾಕತ್ತೆ ಇಲ್ಲಿ ನಿಂತಿದ್ದೀರಿ? ನಮ್ಮ ಕೆಲಸ ಆಯ್ತಲ್ಲ," ಎಂದೆ.

"ಅಷ್ಟು ಜನ ನಮಗೋಸ್ಕರ ಒಂದೊಂದು ಹೆಜ್ಜೆ ಹಿಂದೆ ಹೋದ್ರು ಕಣೋ. ಅವರೆಲ್ಲ ಒಳಗೆ ಹೋಗೋವರೆಗೆ ಇರ್ತೀನಿ."

ಅವರ ಕಾಲುಗಳು ಊದಿದ್ದವು. ಚಪ್ಪಲಿಯ ಪಟ್ಟಿ ಪಾದಕ್ಕೆ ಒತ್ತಿ ಕೆಂಪು ಗೆರೆ ಮೂಡಿತ್ತು. ನಾನು ಅವರ ಹಿಂದೆ ಹೋಗಿ ನಿಂತೆ.

"ಅತ್ತೆ, ಬೆಳಿಗ್ಗೆ ನಾನು ಅಂದ ಮಾತು..."

ಅವರು ಹಿಂದಿರುಗಿ ನೋಡಲಿಲ್ಲ. "ಮಗು ನೀರು ಕುಡೀತಾ?" ಎಂದರು.

"ಕುಡೀತು."

"ಎಷ್ಟು?"

"ಎರಡು ಗುಟುಕು."

"ಸಾಕು ಬಿಡು, ನಿಧಾನಕ್ಕೆ ಕುಡೀಲಿ," ಎಂದು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು. ಮುಂದಿದ್ದವರು ಸರಿದರು. ನಾವಿಬ್ಬರೂ ಒಂದು ಹೆಜ್ಜೆ ಮುಂದೆ ಹೋದೆವು.